ಮರವೆಂಬ ಘನವಸ್ತು

ಮರ ಕರಗುವುದಿಲ್ಲ. ಬೆಣ್ಣೆ ಬಿಸಿಲಿಗೇ ಕರಗುತ್ತದೆ, ಮಂಜುಗಡ್ಡೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾಗುತ್ತದೆ, ಕಬ್ಬಿಣದಂಥ ಕಬ್ಬಿಣವೂ 1,538 ಡಿಗ್ರಿ ಮುಟ್ಟಿದರೆ ಹರಿದು ಅಚ್ಚಿಗೆ ಇಳಿಯುತ್ತದೆ. ಮರದ ತುಂಡನ್ನು ಕಾಯಿಸಿದರೆ ಆಗುವುದೇ ಬೇರೆ. ಮೊದಲು ಒಳಗಿನ ನೀರು ಆವಿಯಾಗಿ ಹೋಗುತ್ತದೆ. 200 ಡಿಗ್ರಿ ದಾಟಿದ ಮೇಲೆ ಮರ ಕಂದುಗಟ್ಟಿ ಹೊಗೆಯಾಡುತ್ತದೆ. 250ರಿಂದ 300ರ ಆಸುಪಾಸಿನಲ್ಲಿ ಹೊತ್ತಿಕೊಳ್ಳುತ್ತದೆ. ಗಾಳಿ ಸೋಕದಂತೆ ಮುಚ್ಚಿ ಕಾಯಿಸಿದರೆ ಇದ್ದಿಲಾಗುತ್ತದೆ. ಆ ಇದ್ದಿಲಾದರೂ ಕರಗುತ್ತದೆಯೇ ಎಂದರೆ ಅದೂ ಇಲ್ಲ. ಸಾಧಾರಣ ಒತ್ತಡದಲ್ಲಿ ಇಂಗಾಲಕ್ಕೆ ದ್ರವಸ್ಥಿತಿಯೇ ಇಲ್ಲ. 3,600 ಡಿಗ್ರಿಯ ಸುಮಾರಿಗೆ ಅದು ನೇರವಾಗಿ ಅನಿಲವಾಗುತ್ತದೆ.

ಘನ, ದ್ರವ, ಅನಿಲ ಎಂಬ ಮೂರು ಮೆಟ್ಟಿಲುಗಳನ್ನು ಶಾಲೆಯ ಪುಸ್ತಕ ಕಲಿಸುತ್ತದೆ. ಮರ ಆ ಏಣಿಯ ಮೊದಲ ಮೆಟ್ಟಿಲಿನಲ್ಲೇ ನಿಂತ ವಸ್ತು. ಕಾರಣ ಅದರ ಅಣುಗಳ ಉದ್ದದಲ್ಲಿದೆ. ನೀರಿನ ಅಣು ಪುಟ್ಟದು. ಬಿಸಿ ಏರಿದಾಗ ಒಂದರ ಕೈಬಿಟ್ಟು ಇನ್ನೊಂದು ಜಾರಿಕೊಳ್ಳುವುದು ಅದಕ್ಕೆ ಸುಲಭ. ಮರದ ಮುಖ್ಯ ದ್ರವ್ಯ ಸೆಲ್ಯುಲೋಸ್. ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಕೊಂಡಿಗಳು ಒಂದರ ಹಿಂದೊಂದು ಸೇರಿದ ಸರಪಳಿ ಅದು. ಒಂದು ಸರಪಳಿ ಪಕ್ಕದ ಸರಪಳಿಯನ್ನು ಉದ್ದಕ್ಕೂ ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಂಡಿರುತ್ತದೆ. ಒಂದೊಂದು ಹಿಡಿತವೂ ಸಡಿಲವೇ, ಆದರೆ ಲೆಕ್ಕ ಸಾವಿರಗಳಲ್ಲಿ. ಅಷ್ಟನ್ನೂ ಒಟ್ಟಿಗೆ ಬಿಡಿಸುವಷ್ಟು ಬಿಸಿ ಕೊಡುವ ಹೊತ್ತಿಗೆ ಸರಪಳಿಯ ಕೊಂಡಿಗಳೇ ಮುರಿದು ಬೀಳುತ್ತವೆ. ಬಿಡಿಸಿಕೊಂಡು ಹರಿಯಬೇಕಾದ ಅಣು ಅಷ್ಟರಲ್ಲಿ ಅಣುವಾಗಿಯೇ ಉಳಿದಿರುವುದಿಲ್ಲ. ಕೂದಲು ಸುಟ್ಟು ಸೀಯುವುದಕ್ಕೂ, ಹತ್ತಿಬಟ್ಟೆ ಕರಗದೆ ಉರಿಯುವುದಕ್ಕೂ ಇಂಥದೇ ಕಾರಣ.

ಸಸ್ಯಗಳ ಗೋಡೆಯಲ್ಲಿರುವ ಈ ದ್ರವ್ಯವನ್ನು ಮೊದಲು ಬೇರ್ಪಡಿಸಿ ತೋರಿಸಿದವನು ಫ್ರಾನ್ಸಿನ ರಸಾಯನವಿಜ್ಞಾನಿ ಆನ್ಸೆಲ್ಮ್ ಪಾಯೆನ್, 1838ರಲ್ಲಿ. ಅದು ಇಷ್ಟು ಉದ್ದದ ಅಣು ಎಂದು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ಇನ್ನೂ ಎಂಬತ್ತು ವರ್ಷ ಮೇಲ್ಪಟ್ಟು ಬೇಕಾಯಿತು. ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ದೀರ್ಘಸರಪಳಿಯ ವಾದವನ್ನು ಮುಂದಿಟ್ಟಾಗ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ನಂಬಲಿಲ್ಲ. ಅದಕ್ಕೆ ನೊಬೆಲ್ ಬಹುಮಾನ ಬಂದದ್ದು 1953ರಲ್ಲಿ.

ಘನವಸ್ತುಗಳಲ್ಲಿ ಎರಡು ಬಗೆ. ಉಪ್ಪು, ಕಲ್ಲುಸಕ್ಕರೆ, ಕಬ್ಬಿಣ ಇವು ಸ್ಫಟಿಕಗಳು. ಇವುಗಳ ಕಣಗಳು ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ, ಲೆಕ್ಕ ತಪ್ಪದೆ ಕೂತಿರುತ್ತವೆ. ಗಾಜು, ಅರಗು, ಡಾಂಬರುಗಳಲ್ಲಿ ಅಂಥ ಸಾಲಿಲ್ಲ. ಅವು ಅಸ್ಫಟಿಕ ಘನಗಳು. ಸ್ಫಟಿಕ ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಥಟ್ಟನೆ ಕರಗಿದರೆ ಅಸ್ಫಟಿಕ ಘನ ಮೆತ್ತಗಾಗುತ್ತಾ, ಜಿಗುಟಾಗುತ್ತಾ, ಯಾವಾಗ ದ್ರವವಾಯಿತೆಂದು ಹೇಳಲು ಬಾರದ ಹಾಗೆ ಸಡಿಲಗೊಳ್ಳುತ್ತದೆ. ಮರದಲ್ಲಿ ಈ ಎರಡೂ ಸೇರಿವೆ. ಸೆಲ್ಯುಲೋಸ್ ಸರಪಳಿಗಳು ಹತ್ತಾರು ಒಟ್ಟುಗೂಡಿ ಸುಮಾರು 3 ನ್ಯಾನೋಮೀಟರ್ ದಪ್ಪದ ಎಳೆಗಳಾಗುತ್ತವೆ. ಈ ಎಳೆಗಳ ಹೆಚ್ಚಿನ ಭಾಗ ಸ್ಫಟಿಕ. ಅವುಗಳ ನಡುವೆ ತುಂಬಿಕೊಂಡಿರುವ ಲಿಗ್ನಿನ್ ಎಂಬ ಅಂಟುದ್ರವ್ಯ ಅಸ್ಫಟಿಕ. ಒಣಮರದ ತೂಕದಲ್ಲಿ ನೂರಕ್ಕೆ 40ರಿಂದ 50 ಪಾಲು ಸೆಲ್ಯುಲೋಸ್, 20ರಿಂದ 30 ಪಾಲು ಲಿಗ್ನಿನ್. ಉಳಿದದ್ದರಲ್ಲಿ ಬಹುಪಾಲು ಇವೆರಡನ್ನೂ ಬೆಸೆಯುವ ಹೆಮಿಸೆಲ್ಯುಲೋಸ್. ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲು ಕಲಸಿ ತುಳಿಯುತ್ತಾರೆ. ಹುಲ್ಲು ಎಳೆತವನ್ನು ತಡೆಯುತ್ತದೆ, ಮಣ್ಣು ಒತ್ತಡವನ್ನು ಹೊರುತ್ತದೆ. ಮರದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಹುಲ್ಲು, ಲಿಗ್ನಿನ್ ಮಣ್ಣು.

ಈ ಗೋಡೆಯ ದ್ರವ್ಯದ ಸಾಂದ್ರತೆ ಎಲ್ಲ ಮರಗಳಲ್ಲೂ ಹೆಚ್ಚುಕಡಿಮೆ ಒಂದೇ: ಒಂದು ಘನ ಸೆಂಟಿಮೀಟರಿಗೆ 1.5 ಗ್ರಾಂ. ನೀರಿನ ಒಂದೂವರೆ ಪಟ್ಟು. ಅಂದರೆ ಮರದ ದ್ರವ್ಯ ನೀರಿನಲ್ಲಿ ಮುಳುಗಬೇಕಾದದ್ದೇ. ಆದರೂ ತೇಗದ ಒಣ ದಿಮ್ಮಿ ತೇಲುತ್ತದೆ, ಏಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮರವೇ ಅಲ್ಲ, ಟೊಳ್ಳು. ತೇಗದ ಸಾಂದ್ರತೆ ಸುಮಾರು 0.65. ಇದನ್ನು 1.5ರಿಂದ ಭಾಗಿಸಿದರೆ ನೂರರಲ್ಲಿ 43 ಪಾಲು ಮಾತ್ರ ಗೋಡೆ. ಮಿಕ್ಕ 57 ಪಾಲು ಕೋಶಗಳೊಳಗಿನ ಗಾಳಿ. ಮಾಡೆಲ್ ವಿಮಾನಗಳಿಗೆ ಬಳಸುವ ದಕ್ಷಿಣ ಅಮೆರಿಕದ ಬಾಲ್ಸಾ ಮರದ ಸಾಂದ್ರತೆ 0.16ರ ಸುಮಾರು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಖಾಲಿ. ಅದೇ ರಕ್ತಚಂದನದ ತಿರುಳು ನೀರಿಗೆ ಹಾಕಿದರೆ ತಳ ಸೇರುತ್ತದೆ. ಬಾಲ್ಸಾ ಮತ್ತು ರಕ್ತಚಂದನದ ಅಂತರವೆಲ್ಲ ಮುಖ್ಯವಾಗಿ ಗೋಡೆ ಎಷ್ಟು ದಪ್ಪ, ಒಳಗಿನ ಕೋಣೆ ಎಷ್ಟು ಅಗಲ ಎಂಬುದರಲ್ಲಿದೆ. ಒಂದೇ ಇಟ್ಟಿಗೆಯಿಂದ ಕಟ್ಟಿದ ಬಂಗಲೆ, ಗುಡಿಸಲುಗಳಂತೆ.

ಮರದ ವ್ಯಾಪಾರಿಗೆ ಈ ಲೆಕ್ಕ ಘನ ಅಡಿಯಲ್ಲಿ ಅರ್ಥವಾಗುತ್ತದೆ. ಒಂದು ಘನ ಅಡಿ ಒಣ ತೇಗ 18 ಕಿಲೋ ತೂಗಿದರೆ ಬೀಟೆ 24 ಕಿಲೋ ತೂಗುತ್ತದೆ, ಬೂರುಗ 10 ಕಿಲೋ ಆಸುಪಾಸು. ಬೀಟೆಯ ಹಲಗೆಯನ್ನು ಹೊತ್ತವನ ಭುಜ ಅದನ್ನು ತಕ್ಕಡಿಯಿಲ್ಲದೆ ಹೇಳುತ್ತದೆ. ಬೂರುಗದ ಹಗುರ ಮರ ಬೆಂಕಿಕಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಹೋಗುತ್ತದೆ. ಬೀಟೆ ಮೈಸೂರಿನ ಕುಶಲಕರ್ಮಿಗಳ ಕೈಯಲ್ಲಿ ಚಿತ್ರಫಲಕವಾಗುತ್ತದೆ: ಕಪ್ಪುಗೆಂಪು ಹಲಗೆಯನ್ನು ತೋಡಿ ಅದರಲ್ಲಿ ಹಲಸಿನ ಹಳದಿ ಚೂರನ್ನೋ ಬೇರೆ ಮರದ ಬಿಳಿ ಚೂರನ್ನೋ ಕೂರಿಸುವ ಕೆಲಸ ಅದು. ಹಿಂದೆ ಆನೆದಂತ ಕೂರಿಸುತ್ತಿದ್ದರು, ಈಗ ಅದು ನಿಷಿದ್ಧ. ಬೀಟೆ ಸೇರಿದ ಕುಲದ ಮರಗಳೆಲ್ಲವೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಪಟ್ಟಿಯಲ್ಲಿವೆ.

ಈ ಟೊಳ್ಳಿನದೇ ಇನ್ನೊಂದು ಉಪಕಾರ ಊಟದ ಮಣೆಯಲ್ಲಿ ಕಾಣುತ್ತದೆ. ಮಾಗಿಯ ಬೆಳಿಗ್ಗೆ ಹಲಸಿನ ಮಣೆಯ ಮೇಲೆ ಕೂತರೆ ಬೆಚ್ಚಗೆನಿಸುತ್ತದೆ, ಪಕ್ಕದ ಸ್ಟೀಲಿನ ತಟ್ಟೆ ಮುಟ್ಟಿದರೆ ಚುರುಕ್ ಎನ್ನುವಷ್ಟು ತಣ್ಣಗಿರುತ್ತದೆ. ಎರಡರ ಉಷ್ಣತೆಯೂ ಒಂದೇ. ಉಕ್ಕು ಮೈಯ ಬಿಸಿಯನ್ನು ಮರಕ್ಕಿಂತ ಎಷ್ಟೋ ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಮರದ ಕೋಶಗಳಲ್ಲಿ ಸಿಕ್ಕಿಬಿದ್ದ ಗಾಳಿ ಹಾಗೆ ಎಳೆದುಕೊಳ್ಳಲು ಬಿಡುವುದಿಲ್ಲ. ಬಾಣಲೆಗೆ ಮರದ ಹಿಡಿ ಹಾಕುವುದೂ ಇದಕ್ಕೇ.

ಮರಗಳನ್ನು ಜಾತಿಯಾಗಿ ವಿಂಗಡಿಸುವಾಗ ಗಟ್ಟಿಮರ, ಮೆದುಮರ ಎಂಬ ಎರಡು ಹೆಸರುಗಳು ಎದುರಾಗುತ್ತವೆ. ಈ ವಿಂಗಡಣೆಗೆ ಆಧಾರ ಉಳಿಗೆ ಸಿಗುವ ಗಡಸುತನವಲ್ಲ, ಸಸ್ಯಶಾಸ್ತ್ರ. ಹೂಬಿಡುವ ಅಗಲ ಎಲೆಯ ಮರಗಳದ್ದೆಲ್ಲ ಗಟ್ಟಿಮರ. ಪೈನ್, ದೇವದಾರುಗಳಂಥ ಸೂಜಿ ಎಲೆಯ ಮರಗಳದ್ದು ಮೆದುಮರ. ಈ ಲೆಕ್ಕದಲ್ಲಿ ಉಗುರಿನಿಂದ ಗೀರಬಹುದಾದ ಬಾಲ್ಸಾ ಗಟ್ಟಿಮರವೆನಿಸಿಕೊಳ್ಳುತ್ತದೆ, ನಮ್ಮ ಬೂರುಗವೂ ಕೂಡ! ನಿಜವಾದ ವ್ಯತ್ಯಾಸ ಇರುವುದು ರಚನೆಯಲ್ಲಿ. ಮೆದುಮರದಲ್ಲಿ ಒಂದೇ ಬಗೆಯ ಉದ್ದ ಕೋಶಗಳು ನೀರನ್ನೂ ಸಾಗಿಸುತ್ತವೆ, ಭಾರವನ್ನೂ ಹೊರುತ್ತವೆ. ಗಟ್ಟಿಮರದಲ್ಲಿ ಕೆಲಸ ಹಂಚಿಕೆಯಾಗಿದೆ. ನೀರಿಗೆ ಅಗಲವಾದ ಕೊಳವೆಗಳು, ಬಲಕ್ಕೆ ದಪ್ಪಗೋಡೆಯ ನಾರುಕೋಶಗಳು. ಕರ್ನಾಟಕದ ಕಾಡಿನಿಂದ ಬಡಗಿಯ ಕೈಗೆ ಬರುವ ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು, ಹೆಬ್ಬಲಸು ಎಲ್ಲವೂ ಗಟ್ಟಿಮರಗಳೇ.

ಆ ಕೊಳವೆಗಳನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ತೇಗದ ಹಲಗೆಯ ತುದಿಯನ್ನು ಹರಿತವಾದ ಬ್ಲೇಡಿನಿಂದ ನುಣ್ಣಗೆ ಸವರಿ, ತುಸು ಒದ್ದೆ ಮಾಡಿ, ಸಾಮಾನ್ಯ ಭೂತಗನ್ನಡಿ ಹಿಡಿದರೆ ಸಾಕು. ವರ್ಷದ ಬಳೆಯೊಂದು ಶುರುವಾಗುವಲ್ಲಿ ಸೂಜಿಮೊನೆ ಚುಚ್ಚಿದಷ್ಟು ದೊಡ್ಡ ತೂತುಗಳ ಸಾಲು ಕಾಣುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಿದ್ದ ಮರ ಮತ್ತೆ ಚಿಗುರುವಾಗ ಹೊಸ ಎಲೆಗಳಿಗೆಲ್ಲ ನೀರು ಮುಟ್ಟಿಸಲು ತೆಗೆದ ಕೊಳವೆಗಳು ಅವು. ಬಳೆಯ ಹೊರಭಾಗಕ್ಕೆ ಹೋದಂತೆ ತೂತುಗಳು ಕಿರಿದಾಗುತ್ತವೆ, ಮರ ದಟ್ಟವಾಗುತ್ತದೆ. ಹಲಸಿನಲ್ಲಿ ಇಂಥ ಸಾಲಿಲ್ಲ. ತೂತುಗಳು ಅಲ್ಲೊಂದು ಇಲ್ಲೊಂದು ಎರಚಿದಂತಿರುತ್ತವೆ. ಮುಖದಲ್ಲಿ ಬಣ್ಣ ಹಚ್ಚಿ ತೇಗವೆಂದು ಮಾರುವ ಮರವನ್ನು ಬಲ್ಲವರು ತುದಿಯಲ್ಲಿ ಹಿಡಿಯುವುದು ಹೀಗೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸುವಾಗಲೂ ಮೊದಲು ನೋಡುವುದು ತುದಿಯನ್ನೇ.

ದಿಮ್ಮಿಯ ಅಡ್ಡಕೊಯ್ತದಲ್ಲಿ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಬಣ್ಣದ್ದು. ತೊಗಟೆಯ ಒಳಬದಿಗೆ ಬಿಳಿಚಿಕೊಂಡ ಪಟ್ಟಿ, ನಡುವೆ ಗಾಢಬಣ್ಣದ ತಿರುಳು. ಹೊರಗಿನ ಬಿಳಿ ಭಾಗ ಬದುಕಿರುವ ಮರ. ಬೇರಿನಿಂದ ಎಲೆಗೆ ನೀರು ಏರುವುದು ಅಲ್ಲಿ. ಒಳಗಿನದು ಕೆಲಸ ಮುಗಿಸಿದ ಕೋಶಗಳ ಗಟ್ಟಿ ತಿರುಳು. ಕನ್ನಡದಲ್ಲಿ ಅದಕ್ಕೆ ಕೆಚ್ಚು ಎಂದೂ ಚೇಗು ಎಂದೂ ಹೆಸರು. ಧೈರ್ಯವಂತನನ್ನು ಕೆಚ್ಚೆದೆಯವನು ಎನ್ನುವಾಗ ಕನ್ನಡಿಗರ ಮನಸ್ಸಿನಲ್ಲಿ ಇದ್ದದ್ದು ಈ ಮರದ ತಿರುಳೇ. ಸಾಯುವ ಮೊದಲು ಆ ಕೋಶಗಳು ತಮ್ಮೊಳಗೆ ಎಣ್ಣೆ, ಅಂಟು, ಬಣ್ಣ, ಕಹಿಗಳನ್ನು ತುಂಬಿಟ್ಟು ಹೋಗುತ್ತವೆ. ಮರದ ತೂಕ ಟೊಳ್ಳಿನಿಂದ ನಿರ್ಧಾರವಾದರೆ ಮರದ ಗುಣ ಬಹಳ ಮಟ್ಟಿಗೆ ಈ ತುಂಬಿಟ್ಟದ್ದರಿಂದ ಬರುತ್ತದೆ.

ತೇಗವನ್ನು ಗೆದ್ದಲು ಮುಟ್ಟದಿರುವುದು ಅದರ ಕೆಚ್ಚಿನಲ್ಲಿರುವ ಎಣ್ಣೆಯಂಥ ದ್ರವ್ಯಗಳ ದೆಸೆಯಿಂದ. ಅದೇ ತೇಗದ ಬಿಳಿ ಭಾಗಕ್ಕೆ ಆ ರಕ್ಷಣೆಯಿಲ್ಲ. ತೇಗ ಎಂದು ಹೇಳಿ ಬಿಳಿ ಸೇರಿಸಿ ಕೊಟ್ಟ ಬಾಗಿಲಿಗೆ ಮೂರ್ನಾಲ್ಕು ವರ್ಷದಲ್ಲಿ ಹುಳು ಹಿಡಿದರೆ ತಪ್ಪು ತೇಗದ್ದಲ್ಲ. ಹೊನ್ನೆಯ ಕೆಚ್ಚನ್ನು ನೀರಿನಲ್ಲಿ ನೆನೆಸಿದರೆ ನೀರು ಕಂದುಬಣ್ಣಕ್ಕೆ ತಿರುಗಿ ಬೆಳಕಿಗೆ ನೀಲಿ ಛಾಯೆ ತೋರುತ್ತದೆ. ಆ ಮರದ ಲೋಟಗಳನ್ನು ಸಕ್ಕರೆ ಕಾಯಿಲೆಯವರಿಗೆಂದು ಮಾರುವುದುಂಟು. ಶ್ರೀಗಂಧದ ಪರಿಮಳವೂ ಕೆಚ್ಚಿನದೇ. ಹೊರಗಿನ ಬಿಳಿ ಮರಕ್ಕೆ ವಾಸನೆಯೇ ಇಲ್ಲವೆನ್ನಬಹುದು. ನೆರೆಯ ಗಿಡಗಳ ಬೇರಿಗೆ ಬೇರು ತಗುಲಿಸಿ ಅರೆಪರಾವಲಂಬಿಯಾಗಿ ಬೆಳೆಯುವ ಈ ಮರ ಕೆಚ್ಚು ಕಟ್ಟಲು ಹಲವು ವರ್ಷ ತೆಗೆದುಕೊಳ್ಳುತ್ತದೆ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. 1916ರಲ್ಲಿ ಮೈಸೂರು ಸಂಸ್ಥಾನ ಎಣ್ಣೆ ಇಳಿಸುವ ಕಾರ್ಖಾನೆ ಆರಂಭಿಸಿತು. ಸ್ವಂತ ಜಮೀನಿನ ಗಂಧದ ಮರ ಜಮೀನುದಾರನದೇ ಎಂದು ಕರ್ನಾಟಕದ ಕಾನೂನು ಹೇಳಿದ್ದು 2001ರಲ್ಲಷ್ಟೇ. ರಕ್ತಚಂದನಕ್ಕೆ ಚಂದನವೆಂಬ ಹೆಸರಿದ್ದರೂ ಗಂಧಕ್ಕೂ ಅದಕ್ಕೂ ನಂಟಿಲ್ಲ. ಆಂಧ್ರದ ಶೇಷಾಚಲದ ಆ ಮರ ಹೊನ್ನೆಯ ಹತ್ತಿರದ ದಾಯಾದಿ, ಪರಿಮಳವಿಲ್ಲದ್ದು.

ಕಬ್ಬಿಣದ ತುಂಡನ್ನು ಯಾವ ದಿಕ್ಕಿನಿಂದ ಎಳೆದರೂ ಬಲ ಒಂದೇ. ಅದರೊಳಗಿನ ಸಣ್ಣ ಸ್ಫಟಿಕಗಳು ದಿಕ್ಕಾಪಾಲಾಗಿ ಹರಡಿರುವುದರಿಂದ ಒಂದರ ದೌರ್ಬಲ್ಯವನ್ನು ಇನ್ನೊಂದು ಮುಚ್ಚುತ್ತದೆ. ಮರ ಹಾಗಲ್ಲ. ಅದರ ಕೋಶಗಳೆಲ್ಲ ಕಾಂಡದ ಉದ್ದಕ್ಕೆ ಮಲಗಿದ ಹುಲ್ಲುಕಡ್ಡಿಗಳ ಕಂತೆ. ಉದ್ದಕ್ಕೆ ಅದನ್ನು ಹಿಚುಕುವುದಕ್ಕಿಂತ ಅಡ್ಡಕ್ಕೆ ಹಿಚುಕುವುದು ಹತ್ತಿಪ್ಪತ್ತು ಪಟ್ಟು ಸುಲಭ. ಸೌದೆ ಒಡೆಯುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕೊಡಲಿ ತುದಿಗೆ ಬಿದ್ದರೆ ಬೊಡ್ಡೆ ಒಂದೇ ಏಟಿಗೆ ಎರಡಾಗುತ್ತದೆ, ಮೈಗೆ ಬಿದ್ದರೆ ಕಚ್ಚಿಕೊಂಡು ಕೂರುತ್ತದೆ. ಗಂಟು ಬಂದಲ್ಲಿ ಮಾತ್ರ ಈ ನಿಯಮ ಕೆಡುತ್ತದೆ, ಏಕೆಂದರೆ ಕೊಂಬೆ ಹೊರಟ ಜಾಗದಲ್ಲಿ ಎಳೆಗಳು ಸುತ್ತಿ ಬಳಸಿ ಹೋಗಿರುತ್ತವೆ. ಸದ್ದು ಕೂಡ ಎಳೆಯ ದಾರಿ ಹಿಡಿಯುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಸಾಗುವ ಶಬ್ದ ಮರದ ಎಳೆಯ ಉದ್ದಕ್ಕೆ 4,000 ಮೀಟರಿನ ಸುಮಾರು ಓಡುತ್ತದೆ, ಅಡ್ಡಕ್ಕೆ ಅದರ ಮೂರನೆಯ ಒಂದು ಭಾಗ. ವೀಣೆಗೂ ಮೃದಂಗಕ್ಕೂ ಹಲಸು ಆರಿಸುವವರು ದಿಮ್ಮಿಯನ್ನು ತಟ್ಟಿ ಕೇಳುವುದು ಸುಮ್ಮನೆ ಅಲ್ಲ.

ಎಳೆ ನುಣುಪಾಗಿ, ಒಂದೇ ಸಮ ಇರುವ ಮರ ಬೇಕಾಗುವುದು ಆಟಿಕೆಗೆ. ಚನ್ನಪಟ್ಟಣದ ಗೊಂಬೆಗಳ ಮರ ಹಾಲೆ, ಅಲ್ಲಿಯವರ ಬಾಯಲ್ಲಿ ಆಲೆ ಮರ. ಕರಾವಳಿಯಲ್ಲಿ ಇದೇ ಹೆಸರಿಗೆ ಬೇರೆ ಮರವಿದೆ. ಆಟಿ ಅಮಾವಾಸ್ಯೆಯ ದಿನ ತೊಗಟೆ ಜಜ್ಜಿ ಕಷಾಯ ಕುಡಿಯುವ ಮರ ಅದು, ಗೊಂಬೆಯ ಮರವಲ್ಲ. ಗೊಂಬೆಯ ಹಾಲೆ ಬೆಳ್ಳಗೆ, ದಂತದ ಬಣ್ಣಕ್ಕೆ ಹತ್ತಿರ. ಒಣಗಿಸಿ ತುಂಡು ಮಾಡಿದ ಮರವನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ತಾಗಿದಂತೆ ಸಿಪ್ಪೆ ಸುರುಳಿಯಾಗಿ ಹಾರುತ್ತದೆ, ಗೊಂಬೆಯ ತಲೆ, ಕುತ್ತಿಗೆ, ಹೊಟ್ಟೆ ಮೂಡುತ್ತವೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಮೆತ್ತಗಾಗಿ ಮರದ ಮೈಗೆ ಹರಡಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಒತ್ತಿ ಉಜ್ಜಿದರೆ ಬಣ್ಣ ಸಮವಾಗಿ ಹೊಳಪೇರುತ್ತದೆ.

ಇಲ್ಲಿ ಎರಡು ಘನವಸ್ತುಗಳು ಒಂದನ್ನೊಂದು ಉಜ್ಜುತ್ತವೆ, ಹುಟ್ಟುವ ಬಿಸಿ ಎರಡಕ್ಕೂ ತಾಗುತ್ತದೆ. ಅಸ್ಫಟಿಕವಾದ ಅರಗು ಆ ಬಿಸಿಗೆ ಸಡಿಲಗೊಳ್ಳುತ್ತದೆ. ಕರಗಲು ಬಾರದ ಮರ ಕದಲದೆ ನಿಲ್ಲುತ್ತದೆ. ಮರದ ಟೊಳ್ಳು ಬಿಸಿಯನ್ನು ಒಳಕ್ಕೆ ಬಿಡದೆ ಮೈಮೇಲೇ ಉಳಿಸುವುದರಿಂದ ಅರಗು ಬೇಗ ಮೆತ್ತಗಾಗುತ್ತದೆ ಎಂಬುದೂ ಸೇರಿತು. ತಣಿದ ಅರಗು ಮರದ ಸಣ್ಣ ತೂತುಗಳಿಗೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಬ್ರಷ್ಷಾಗಲಿ ಒಣಗುವ ಬಣ್ಣವಾಗಲಿ ಬೇಕಾಗದ ಈ ಕ್ರಮ ಘನಸ್ಥಿತಿಯ ಪಾಠಕ್ಕೆ ಯಾವ ಪ್ರಯೋಗಾಲಯಕ್ಕೂ ಕಡಿಮೆಯಿಲ್ಲ.

ಎತ್ತಿನಗಾಡಿಯ ಚಕ್ರ ಇಂಥದೇ ಇನ್ನೊಂದು ಪಾಠ. ಬಯಲುಸೀಮೆಯಲ್ಲಿ ಅದಕ್ಕೆ ಜಾಲಿ ಮರ ಬೇಕು; ಪೆಟ್ಟು ತಿಂದರೂ ಸೀಳದ ಬಿಗಿ ಅದರದ್ದು. ಗುಂಬ, ಆರೆಕಾಲು, ಸುತ್ತಿನ ತುಂಡುಗಳನ್ನು ಜೋಡಿಸಿದ ಮೇಲೆ ಕಬ್ಬಿಣದ ಹಳಿ ತೊಡಿಸಬೇಕು. ಹಳಿಯನ್ನು ಬೇಕೆಂದೇ ಚಕ್ರಕ್ಕಿಂತ ಕೊಂಚ ಚಿಕ್ಕದಾಗಿ ಬೆಸೆದಿರುತ್ತಾರೆ. ಅದನ್ನು ನೆಲದ ಮೇಲಿಟ್ಟು ಸುತ್ತ ಬೆರಣಿ, ಸೌದೆ ಒಟ್ಟಿ ಬೆಂಕಿ ಹಾಕುತ್ತಾರೆ. ಕೆಂಪಗೆ ಕಾದ ಹಳಿಯನ್ನು ಮೂರ್ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಇಳಿಸಿ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮರ ಹೊಗೆಯಾಡಿ ಅಲ್ಲಲ್ಲಿ ಉರಿ ಏಳುತ್ತದೆ. ತಕ್ಷಣ ಕೊಡಗಟ್ಟಲೆ ನೀರು. ಚುಂಯ್ ಎಂದು ಆವಿ ಏಳುತ್ತಿದ್ದಂತೆ ಸಡಿಲವಿದ್ದ ಕೀಲುಗಳೆಲ್ಲ ಕಿರ್ರೆಂದು ಬಿಗಿಯುತ್ತವೆ.

ಲೆಕ್ಕ ಹೀಗಿದೆ. ನಾಲ್ಕು ಅಡಿ ಅಡ್ಡಗಲದ ಚಕ್ರದ ಸುತ್ತಳತೆ 3.8 ಮೀಟರ್. ಕಬ್ಬಿಣ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 500 ಡಿಗ್ರಿ ಕಾದಾಗ ಹಳಿ ಸುಮಾರು 23 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಅಂಗುಲ ಉದ್ದವಾಗಿರುತ್ತದೆ. ತಣಿದಾಗ ಆ ಅಂಗುಲವನ್ನೆಲ್ಲ ವಾಪಸು ಕೇಳುತ್ತದೆ, ಮರ ಮಣಿದು ಬಿಗಿಯುತ್ತದೆ. ಮರ ಬಿಸಿಗೆ ಹಿಗ್ಗುವುದು ಎಳೆಯ ಉದ್ದಕ್ಕೆ ಇದರ ಅರ್ಧವೂ ಇಲ್ಲ.

ಮರವನ್ನು ಕುಗ್ಗಿಸಿ ಹಿಗ್ಗಿಸುವುದು ಬಿಸಿಯಲ್ಲ, ನೀರು. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶದ ಟೊಳ್ಳಿನಲ್ಲಿ, ಮತ್ತು ಕೋಶದ ಗೋಡೆಯೊಳಗೆ. ಟೊಳ್ಳಿನ ನೀರು ಹೋದರೆ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ಒಣಮರದ ತೂಕದ ನೂರಕ್ಕೆ 30ರಷ್ಟು ನೀರು ಉಳಿದ ಹಂತದಲ್ಲಿ ಟೊಳ್ಳು ಬರಿದಾಗಿ ಗೋಡೆ ಮಾತ್ರ ತೊಯ್ದಿರುತ್ತದೆ. ಅಲ್ಲಿಂದ ಮುಂದೆ ಒಣಗಿದಷ್ಟೂ ಸೆಲ್ಯುಲೋಸ್ ಎಳೆಗಳು ಹತ್ತಿರ ಸರಿದು ಮರ ಕುಗ್ಗುತ್ತದೆ. ಕುಗ್ಗುವುದು ಅಡ್ಡಕ್ಕೆ ಮಾತ್ರ. ಉದ್ದಕ್ಕೆ ಗಣನೆಗೆ ಬಾರದಷ್ಟು. ಬಳೆಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗಿಂತ ಎರಡು ಪಟ್ಟು. ಇಡೀ ದಿಮ್ಮಿ ಬಿಸಿಲಿಗೆ ಬಿದ್ದರೆ ತುದಿಯಿಂದ ನಕ್ಷತ್ರದಂತೆ ಬಿರುಕು ಬಿಡುವುದು ಈ ಅಸಮದಿಂದ.

ಮಲೆನಾಡಿನ ಬಾಗಿಲುಗಳು ಆಷಾಢದಲ್ಲಿ ಕಚ್ಚಿಕೊಂಡು ಮಾಘದಲ್ಲಿ ಸಡಿಲಾಗುವುದಕ್ಕೆ ಬಡಗಿಯನ್ನು ಬೈದು ಪ್ರಯೋಜನವಿಲ್ಲ. ತೇಗ ಕಡಿಮೆ ಆಡುವ ಮರವೆಂದೇ ಹೆಸರಾದದ್ದು. ಆದರೂ ಬೇಸಿಗೆಯಲ್ಲಿ ನೂರಕ್ಕೆ 8ರಷ್ಟಿದ್ದ ತೇವ ಮಳೆಗಾಲದಲ್ಲಿ 16ಕ್ಕೆ ಏರಿದರೆ ಒಂದು ಅಡಿ ಅಗಲದ ಹಲಗೆ ನಾಲ್ಕು ಮಿಲಿಮೀಟರ್‌ವರೆಗೆ ಹಿಗ್ಗಬಹುದು. ಹಳೆಯ ಮನೆಗಳ ಬಾಗಿಲಿನಲ್ಲಿ ನಡುವಿನ ಹಲಗೆಯನ್ನು ಚೌಕಟ್ಟಿಗೆ ಮೊಳೆ ಹೊಡೆಯದೆ, ಅಂಟು ಹಾಕದೆ, ಸಂದಿನಲ್ಲಿ ಸುಮ್ಮನೆ ಕೂರಿಸಿರುತ್ತಾರೆ. ಹಲಗೆಗೆ ಉಸಿರಾಡಲು ಬಿಟ್ಟ ಜಾಗ ಅದು. ಬೇಸಿಗೆಯಲ್ಲಿ ಒಣಗಿ ಲೊಡಲೊಡ ಎನ್ನುವ ಗಾಡಿಯ ಚಕ್ರವನ್ನು ರೈತರು ಕೆರೆಯ ನೀರಿನಲ್ಲಿ ನಿಲ್ಲಿಸುವುದೂ ಇದೇ ತತ್ತ್ವದ ಮೇಲೆ. ನೀರು ಕುಡಿದ ಮರ ಊದಿಕೊಂಡು ಹಳಿ ಮತ್ತೆ ಬಿಗಿಯುತ್ತದೆ. ಆ ಊತದ ಬಲ ಕಡಿಮೆಯದಲ್ಲ. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕಾಣುವ ಚೌಕ ಕುಳಿಗಳಿಗೆ ಒಣಮರದ ಬೆಣೆ ಬಡಿದು, ನೀರೆರೆದು, ಊದಿಸಿ ಕಲ್ಲು ಸೀಳುತ್ತಿದ್ದರು ಎಂಬ ವಿವರಣೆ ರೂಢಿಯಲ್ಲಿದೆ.

ಮರವನ್ನು ಬಳಸುವ ಮೊದಲು ನೀರನ್ನು ನಿಧಾನವಾಗಿ ಕಳೆಯುವುದೇ ಹದಮಾಡುವ ಕೆಲಸ. ಬರ್ಮಾದ ತೇಗದ ಕಾಡುಗಳಲ್ಲಿ ಇದು ಮರ ನಿಂತಿರುವಾಗಲೇ ಆಗುತ್ತಿತ್ತು. ಬುಡದ ಸುತ್ತ ತೊಗಟೆ ಮತ್ತು ಬಿಳಿ ಮರವನ್ನು ಬಳೆಯಂತೆ ಕಡಿದು ಎರಡು ಮೂರು ವರ್ಷ ಬಿಟ್ಟರೆ ನೀರಿನ ದಾರಿ ಕಡಿದ ಮರ ನಿಂತಲ್ಲೇ ಸತ್ತು ಒಣಗುತ್ತಿತ್ತು. ಹಸಿ ತೇಗ ನೀರಿಗೆ ಬಿದ್ದರೆ ತೇಲದು. ಹಾಗೆ ಒಣಗಿಸಿದರೆ ಮಾತ್ರ ಐರಾವತಿ ನದಿಯಲ್ಲಿ ದಿಮ್ಮಿ ಕಟ್ಟಿ ತೇಲಿಬಿಡಬಹುದಿತ್ತು. ಈಗ ಸಾಮಿಲ್ಲುಗಳಲ್ಲಿ ಹಲಗೆಗಳ ನಡುವೆ ರೀಪು ಕೊಟ್ಟು ಗಾಳಿಗೆ ಒಟ್ಟುತ್ತಾರೆ, ಇಲ್ಲವೆ ಬಿಸಿಗಾಳಿಯ ಕೋಣೆಯಲ್ಲಿಟ್ಟು ವಾರಗಳಲ್ಲಿ ಮುಗಿಸುತ್ತಾರೆ.

ತೇವವೂ ಬಿಸಿಯೂ ಒಟ್ಟಿಗೆ ಸೇರಿದಾಗ ಮರ ಒಂದು ಅಪರೂಪದ ಗುಣ ತೋರುತ್ತದೆ. ನೀರು ಹೀರಿದ ಮರ 100 ಡಿಗ್ರಿಯ ಹತ್ತಿರ ಬಂದಾಗ ಲಿಗ್ನಿನ್ ಅರಗಿನಂತೆಯೇ ಮೆತ್ತಗಾಗುತ್ತದೆ, ಸೆಲ್ಯುಲೋಸ್ ಎಳೆ ಮಾತ್ರ ಹಾಗೇ ಇರುತ್ತದೆ. ಆವಿಯಲ್ಲಿ ಬೇಯಿಸಿದ ಪಟ್ಟಿಯನ್ನು ಆಗ ಬಗ್ಗಿಸಿ ಅಚ್ಚಿಗೆ ಕಟ್ಟಿ ತಣಿಸಿದರೆ ಬಗ್ಗಿದ ಆಕಾರವೇ ನಿಲ್ಲುತ್ತದೆ. ದುಂಡು ಬೆನ್ನಿನ ಕುರ್ಚಿಗಳೂ ದೋಣಿಯ ಪಕ್ಕೆಗಳೂ ಹೀಗೆ ಬಾಗಿದವು. ಕರಗದ ಮರ ದ್ರವಕ್ಕೆ ಅತ್ಯಂತ ಹತ್ತಿರ ಬರುವುದು ಇಷ್ಟೇ.

ಬೆಂಕಿಯ ವಿಚಾರದಲ್ಲಿ ಮೈಸೂರಿಗೆ ಒಂದು ಕಹಿ ನೆನಪಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದ ಈಗಿನ ಅರಮನೆಯಲ್ಲಿ ಭಾರ ಹೊತ್ತದ್ದು ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣ. ಕಲ್ಯಾಣಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಮರಕ್ಕೆ ಉಳಿದದ್ದು ಬಾಗಿಲು ಮತ್ತು ಅಲಂಕಾರದ ಕೆಲಸ. ಇತ್ತ ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಅರಮನೆ ತೇಗದ ಕಂಬಗಳ ಮೇಲೆ ಇಂದಿಗೂ ನಿಂತಿದೆ. ಮೈಸೂರಿನ ಆ ಬೆಂಕಿಯೊಂದರಿಂದಲೇ ಮರ ಬೆಂಕಿಗೆ ಹುಲ್ಲು ಎಂದು ತೀರ್ಮಾನಿಸುವುದು ಸರಿಯಲ್ಲ. ತೆಳು ರೀಪು ಹುಲ್ಲಿನಂತೆ ಉರಿಯುತ್ತದೆ, ನಿಜ. ದಪ್ಪ ತೊಲೆ ಹೊತ್ತಿಕೊಂಡಾಗ ಮೈಮೇಲೆ ಇದ್ದಿಲಿನ ಪದರ ಕಟ್ಟಿ, ಆ ಪದರವೇ ಒಳಗಿನ ಮರಕ್ಕೆ ಬಿಸಿ ತಾಗದಂತೆ ತಡೆಯುತ್ತದೆ. ಇದ್ದಿಲಾಗುವ ವೇಗ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಅರ್ಧ ಗಂಟೆ ಉರಿದರೂ ಸುಮಾರು 20 ಮಿಲಿಮೀಟರ್ ಹೋಗಿರುತ್ತದೆ, ನಡುವಿನದು ಭಾರ ಹೊತ್ತೇ ಇರುತ್ತದೆ. ಉಕ್ಕಿನ ತೊಲೆ ಉರಿಯುವುದಿಲ್ಲ. ಆದರೆ 550ರಿಂದ 600 ಡಿಗ್ರಿಗೆ ಅದರ ಅರ್ಧ ಬಲ ಹೋಗಿ ಬಾಗಿ ಬೀಳುತ್ತದೆ.

ಮರದ ದಿಕ್ಕಿನ ಪಕ್ಷಪಾತವನ್ನು ಮನುಷ್ಯ ಮೀರಿದ ಬಗೆ ಪ್ಲೈವುಡ್. ದಿಮ್ಮಿಯನ್ನು ತಿರುಗಿಸುತ್ತಾ ಹಾಳೆಯಂತೆ ಸುಲಿದು, ಒಂದು ಹಾಳೆಯ ಎಳೆ ಉದ್ದಕ್ಕೆ ಇದ್ದರೆ ಮುಂದಿನದು ಅಡ್ಡಕ್ಕೆ ಬರುವಂತೆ ಅಂಟಿಸಿ ಒತ್ತುತ್ತಾರೆ. ಹಾಳೆಗಳ ಸಂಖ್ಯೆ ಸಾಮಾನ್ಯವಾಗಿ ಬೆಸ, ಮೂರೋ ಐದೋ ಏಳೋ. ಹಾಗಿದ್ದರೆ ಎರಡೂ ಮುಖದ ಎಳೆತ ಸಮವಾಗಿ ಹಲಗೆ ಸೊಟ್ಟಗಾಗುವುದಿಲ್ಲ. ಅಡ್ಡಕ್ಕೆ ಹಿಗ್ಗಲು ಹೊರಟ ಹಾಳೆಯನ್ನು ಉದ್ದಕ್ಕೆ ಹಿಗ್ಗದ ನೆರೆಹಾಳೆ ಹಿಡಿದಿಡುತ್ತದೆ. ಪಾರ್ಟಿಕಲ್ ಬೋರ್ಡು ಮರದ ಚೂರುಗಳದ್ದು, ಎಂಡಿಎಫ್ ಮರದ ನಾರಿನದ್ದು. ಅವುಗಳಲ್ಲಿ ಎಳೆಯ ದಿಕ್ಕು ಪೂರ್ತಿ ಕಲಸಿಹೋಗಿರುವುದರಿಂದ ಹಲಗೆಯ ಉದ್ದಗಲಕ್ಕೆ ಯಾವ ಕಡೆಯೂ ಒಂದೇ, ಬಲವೂ ಅದಕ್ಕೆ ತಕ್ಕಂತೆ ಕಡಿಮೆ. ನೀರು ಬಿದ್ದರೆ ಎಂಡಿಎಫ್ ಉಬ್ಬುತ್ತದೆ, ಒಣಗಿದರೂ ಮೊದಲಿನ ಅಳತೆಗೆ ಮರಳುವುದಿಲ್ಲ.

ಪೀಠೋಪಕರಣದ ಅಂಗಡಿಗಳಲ್ಲಿ ಈಗ ಸಾಲಿಡ್ ವುಡ್ ಎಂದು ಬರೆಯುವುದು ಈ ಹಲಗೆಗಳಿಂದ ಬೇರೆ ಎಂದು ತೋರಿಸಲು. ಭೌತಶಾಸ್ತ್ರದ ಲೆಕ್ಕಕ್ಕೆ ಎಂಡಿಎಫ್ ಕೂಡ ಘನವಸ್ತುವೇ, ಸಾಮಾನ್ಯ ತೇಗಕ್ಕಿಂತ ಅದರಲ್ಲಿ ಟೊಳ್ಳು ಕಡಿಮೆಯೇ ಇರಬಹುದು. ಅಂಗಡಿಯವನ ಅರ್ಥದಲ್ಲಿ ಸಾಲಿಡ್ ಎಂದರೆ ಒಂದೇ ಮರದಿಂದ ಸೀಳಿದ, ನಡುವೆ ಪದರವಿಲ್ಲದ ಹಲಗೆ. ಅದನ್ನು ಪರೀಕ್ಷಿಸಲು ಮೇಜಿನ ಮೇಲ್ಮೈ ನೋಡಿದರೆ ಆಗದು. ಅಲ್ಲಿ ತೇಗದ ಅರ್ಧ ಮಿಲಿಮೀಟರ್ ಹಾಳೆ ಅಂಟಿಸಿ ನೂರು ವರ್ಷದ ಮರದ ಮುಖ ತೋರಿಸಬಹುದು. ಕೈ ಹಾಕಬೇಕಾದದ್ದು ಹಲಗೆಯ ತುದಿಗೆ, ಇಲ್ಲವೆ ಮೇಜಿನ ಅಡಿಗೆ. ಮೇಲೆ ಕಂಡ ಗೀರೊಂದು ಅಂಚಿನಲ್ಲಿ ಬಾಗಿ ತುದಿಯ ಬಳೆಗೆ ಸೇರಿದ್ದರೆ, ತುದಿಯಲ್ಲಿ ಆ ಸೂಜಿತೂತುಗಳ ಸಾಲು ಸಿಕ್ಕರೆ, ಅದು ಒಂದೇ ಮರ. ಗೀರು ಅಂಚಿಗೆ ಬಂದು ಅಲ್ಲೇ ತುಂಡಾಗಿ, ಕೆಳಗೆ ತೆಳು ಗೆರೆಗಳು ಒಂದರ ಮೇಲೊಂದು ಮಲಗಿದ್ದರೆ ಪ್ಲೈವುಡ್. ಗೆರೆಯೂ ಇಲ್ಲದೆ, ತೂತೂ ಇಲ್ಲದೆ, ಒತ್ತಿದ ಹಿಟ್ಟಿನಂತೆ ಕಂಡರೆ ಎಂಡಿಎಫ್.